ಶನಿವಾರದ ಸಿನಿಮಾ ಅರ್ಧಕ್ಕೇ ಬಿಟ್ಟು ಮಕ್ಕಳು ಎದ್ದು ಹೋಗುತ್ತಾರೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ದಾವಣಗೆರೆ. ಮಗಳಿಗೆ 15, ಮಗನಿಗೆ 12. ಮನೆಯಲ್ಲಿ ನಾನು, ಯಜಮಾನರು, ಅತ್ತೆ ಇದ್ದೇವೆ. ಲಾಕ್‌ಡೌನ್ ಸಮಯದಲ್ಲಿ ಶನಿವಾರ ರಾತ್ರಿ ಎಲ್ಲರೂ ಕೂತು ಒಂದು ಸಿನಿಮಾ ನೋಡುವ ರೂಢಿ ಶುರುವಾಯಿತು. ಆಗ ಮಕ್ಕಳು ಚಿಕ್ಕವರು, ಹಾಕಿದ್ದನ್ನು ನೋಡುತ್ತಿದ್ದರು. ಈಗ ಪ್ರತಿ ವಾರ ಜಗಳ. ಮಗನಿಗೆ ಕೆಜಿಎಫ್ ಥರದ್ದೇ ಬೇಕು. ಮಗಳಿಗೆ ಕೊರಿಯನ್ ಹುಚ್ಚು, ಪ್ಯಾರಸೈಟ್ ನೋಡೋಣ ಅಂತ ಹಟ. ಏನಾದರೂ ಒಳ್ಳೆಯದು ಕಲಿಯಲಿ ಅಂತ ನಾನು ಹುಡುಕಿ ಹಾಕಿದರೆ "ಅಮ್ಮಾ, ಮತ್ತೆ ನೀತಿಪಾಠನಾ?" ಅಂತ ಇಬ್ಬರೂ ಮೊಬೈಲ್ ಹಿಡಿದು ಎದ್ದು ಹೋಗುತ್ತಾರೆ. ಹಿಂದಿನ ಪರೀಕ್ಷೆಯಲ್ಲಿ ಮಗಳ ಅಂಕ ಇಳಿದಾಗ, ಕಷ್ಟಪಟ್ಟು ಗೆಲ್ಲುವ ಒಬ್ಬ ಆಟಗಾರ್ತಿಯ ಸಿನಿಮಾ ಹಾಕಿದ್ದೆ. ಅರ್ಧಕ್ಕೇ ಹೋಗಿ ರೂಮಿನ ಬಾಗಿಲು ಹಾಕಿಕೊಂಡಳು. ಇನ್ನೊಂದು ದಿನ ಇದ್ದಕ್ಕಿದ್ದಂತೆ ಮುತ್ತಿನ ದೃಶ್ಯ ಬಂತು. ಯಜಮಾನರು ರಿಮೋಟ್ ಹುಡುಕುವಷ್ಟರಲ್ಲಿ ಅದು ಮುಗಿದೇ ಹೋಯಿತು, ಅತ್ತೆ ಎದ್ದು ಒಳಗೆ ಹೋದರು. 13+, 16+ ಅಂತ ಬರುತ್ತಲ್ಲ, ಅದನ್ನು ಎಷ್ಟು ನಂಬಬಹುದು? ಈ ವಯಸ್ಸಿನವರಿಗೆ ಎಂಥ ಸಿನಿಮಾ ಆರಿಸಬೇಕು? ನೋಡಿದ ಮೇಲೆ ಮಾತಾಡಿಸಬೇಕಾ, ಬೇಡವಾ? ಮುಂದಿನ ವರ್ಷ ಮಗಳಿಗೆ ಎಸ್ಸೆಸ್ಸೆಲ್ಸಿ. ಇದನ್ನೆಲ್ಲ ನಿಲ್ಲಿಸಿಬಿಡುವುದೇ ವಾಸಿನಾ?

ಉತ್ತರ: ನಿಲ್ಲಿಸಬೇಡಿ. ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. 15 ವರ್ಷದ ಮಗಳು ಯಾವ ಸಿನಿಮಾ ನೋಡಬೇಕು ಅಂತ ನಿಮ್ಮ ಜೊತೆ ಜಗಳ ಆಡುತ್ತಿದ್ದಾಳೆ ಅಂದರೆ, ನಿಮ್ಮ ಜೊತೆ ಕೂತು ನೋಡುವ ಆಸೆ ಅವಳಿಗೆ ಇನ್ನೂ ಇದೆ. ಆಸೆ ಹೋದವರು ಜಗಳ ಆಡುವುದಿಲ್ಲ, ಇಯರ್‌ಫೋನ್ ಹಾಕಿಕೊಂಡು ಹಾಸಿಗೆಯಲ್ಲಿ ಒಬ್ಬರೇ ನೋಡುತ್ತಾರೆ. ನನ್ನ ಹತ್ತಿರ ಬರುವ ಎಷ್ಟೋ ತಂದೆ ತಾಯಿಗೆ ಮಕ್ಕಳು ಏನು ನೋಡುತ್ತಿದ್ದಾರೆ ಅನ್ನುವುದೇ ಗೊತ್ತಿರುವುದಿಲ್ಲ. ನಿಮಗೆ ಸಿನಿಮಾದ ಹೆಸರು ಸಮೇತ ಗೊತ್ತಿದೆ.

ನಾನು ಹದಿಹರೆಯದ ಮಕ್ಕಳ ಆಪ್ತಸಮಾಲೋಚಕಿ. ಹೈಸ್ಕೂಲು ಮಕ್ಕಳಿಗೆ ಸಿನಿಮಾ ತೋರಿಸಿ ಮಾತಾಡಿಸುವುದೂ ನನ್ನ ಕೆಲಸದ ಒಂದು ಭಾಗ. ಅಲ್ಲಿ ಕಂಡದ್ದನ್ನು ಇಟ್ಟುಕೊಂಡೇ ಉತ್ತರಿಸುತ್ತೇನೆ.

ಎದ್ದು ಹೋಗುವುದು ಯಾಕೆ?

ಆ ಆಟಗಾರ್ತಿಯ ಸಿನಿಮಾದಿಂದಲೇ ಶುರು ಮಾಡೋಣ. ಬೇರೆ ಯಾವ ವಾರ ಹಾಕಿದ್ದರೂ ಮಗಳು ಅದನ್ನು ಖುಷಿಯಿಂದ ನೋಡುತ್ತಿದ್ದಳೇನೋ. ಅಂಕ ಇಳಿದ ವಾರವೇ ಹಾಕಿದಿರಿ. ಅವಳಿಗೆ ಪರದೆಯ ಮೇಲೆ ಆಟಗಾರ್ತಿ ಕಾಣಲೇ ಇಲ್ಲ. "ನೋಡು, ಅವಳು ಹೇಗೆ ಕಷ್ಟಪಟ್ಟಳು, ನೀನೂ ಇದ್ದೀಯ" ಅನ್ನುವ ಮಾತೇ ಎರಡು ಗಂಟೆ ಕೇಳಿಸಿತು. ನೀವು ಬಾಯಿ ಬಿಟ್ಟು ಒಂದು ಮಾತೂ ಆಡಿರಲಿಕ್ಕಿಲ್ಲ, ಆದರೂ ಕೇಳಿಸುತ್ತದೆ. ಜ್ವರ ಬಂದಾಗ ಕೊಡುವ ಕಷಾಯದ ಹಾಗೆ ಸಿನಿಮಾ ಕೊಟ್ಟರೆ ಈ ವಯಸ್ಸಿನವರು ವಾಸನೆಯಲ್ಲೇ ಕಂಡುಹಿಡಿಯುತ್ತಾರೆ.

ಹನ್ನೆರಡು ಹದಿಮೂರು ದಾಟುತ್ತಿದ್ದಂತೆ ಮಕ್ಕಳಿಗೆ "ಇದು ನನ್ನ ಅಭಿಪ್ರಾಯ" ಅಂತ ಒಂದು ಬೇಕಾಗುತ್ತದೆ. ಮೊದಲು ಅಪ್ಪ ಅಮ್ಮನ ಇಷ್ಟವೇ ತಮ್ಮ ಇಷ್ಟ. ಈಗ ಅದರಿಂದ ಸ್ವಲ್ಪ ಸರಿದು ನಿಂತರೆ ಮಾತ್ರ ತಾವು ಯಾರು ಅಂತ ಅವರಿಗೆ ಗೊತ್ತಾಗುವುದು. ಅದಕ್ಕೇ ಊಟ, ಬಟ್ಟೆ, ಹೇರ್‌ಕಟ್ಟು, ಸಿನಿಮಾ ಎಲ್ಲದರಲ್ಲೂ ವಾದ. ಇದು ನಿಮ್ಮ ಮೇಲಿನ ಕೋಪ ಅಲ್ಲ, ಬೆಳವಣಿಗೆ. ಇಂಥ ಹೊತ್ತಿನಲ್ಲಿ ಮೊದಲೇ ಉತ್ತರ ಗೊತ್ತಿರುವ ಸಿನಿಮಾ ಹಾಕಿದರೆ ಅವರಿಗೆ ಮಾಡಲಿಕ್ಕೆ ಏನೂ ಉಳಿದಿರುವುದಿಲ್ಲ. ಒಳ್ಳೆಯವನು ಯಾರು, ಕೆಟ್ಟವನು ಯಾರು, ಕೊನೆಗೆ ಯಾರು ಗೆಲ್ಲುತ್ತಾರೆ ಎಲ್ಲ ಹತ್ತು ನಿಮಿಷದಲ್ಲೇ ಗೊತ್ತು. ಮತ್ತೆ ಮೊಬೈಲ್ ನೋಡದೆ ಏನು ಮಾಡುತ್ತಾರೆ ಹೇಳಿ.

ಹಾಗಾಗಿ ನಾನು ಸಿನಿಮಾ ಆರಿಸುವಾಗ ಕೇಳಿಕೊಳ್ಳುವುದು ಒಂದೇ: ಇದರಲ್ಲಿ ನನಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಏನಾದರೂ ಇದೆಯಾ? ಇದ್ದರೆ ಆ ಸಿನಿಮಾ ದೊಡ್ಡ ಮಕ್ಕಳ ಜೊತೆ ನೋಡಲಿಕ್ಕೆ ಲಾಯಕ್ಕು. ಇಲ್ಲದಿದ್ದರೆ ಅದು ಎಷ್ಟೇ ಒಳ್ಳೆಯ ಸಂದೇಶ ಕೊಡಲಿ, ಸುಮ್ನೆ ಹೊತ್ತು ಹೋಗುತ್ತದೆ ಅಷ್ಟೆ.

ಒಂದು ಉದಾಹರಣೆ ಕೊಡುತ್ತೇನೆ. 1957ರ ಅಮೆರಿಕದ ಸಿನಿಮಾ '12 ಆ್ಯಂಗ್ರಿ ಮೆನ್'. ಕಪ್ಪು ಬಿಳುಪು. ಹಾಡಿಲ್ಲ, ಫೈಟಿಲ್ಲ, ಹೆಚ್ಚು ಕಡಿಮೆ ಪೂರ್ತಿ ಕಥೆ ಒಂದೇ ಕೋಣೆಯಲ್ಲಿ. ಅಪ್ಪನನ್ನು ಕೊಂದ ಆರೋಪ ಹೊತ್ತ ಹುಡುಗನೊಬ್ಬ ತಪ್ಪಿತಸ್ಥನಾ ಅಲ್ಲವಾ ಅಂತ ಹನ್ನೆರಡು ಜನ ಜ್ಯೂರಿಗಳು, ಅಂದರೆ ತೀರ್ಪು ಹೇಳಲು ಕೋರ್ಟು ಕೂರಿಸಿದ ಸಾಮಾನ್ಯ ಜನ, ತೀರ್ಮಾನ ಮಾಡಬೇಕು. ಹನ್ನೊಂದು ಜನ "ಹೌದು" ಅನ್ನುತ್ತಾರೆ, ಒಬ್ಬ ಮಾತ್ರ "ಗೊತ್ತಿಲ್ಲ, ಮಾತಾಡೋಣ" ಅನ್ನುತ್ತಾನೆ. ಒಂಬತ್ತನೇ ಕ್ಲಾಸಿನವರಿಗೆ ಇದನ್ನು ತೋರಿಸಿದಾಗ ಮೊದಲ ಹತ್ತು ನಿಮಿಷ ಬೆಂಚಿನ ಸದ್ದು, ಆಕಳಿಕೆ, "ಮಿಸ್, ಕಲರ್ ಇಲ್ವಾ?" ಎಲ್ಲ ಇತ್ತು. ಆ ಕೊಲೆಯ ಚಾಕು ಬಹಳ ಅಪರೂಪದ್ದು, ಇನ್ನೊಂದು ಸಿಗುವುದೇ ಇಲ್ಲ ಅಂತ ಎಲ್ಲರೂ ವಾದಿಸುತ್ತಿರುವಾಗ, ಆ ಒಬ್ಬ ತನ್ನ ಜೇಬಿನಿಂದ ಅಂಥದ್ದೇ ಚಾಕು ತೆಗೆದು ಮೇಜಿನ ಮೇಲೆ ಚುಚ್ಚುತ್ತಾನೆ. ಆ ಕ್ಷಣಕ್ಕೆ ಕ್ಲಾಸು ತಣ್ಣಗಾಯಿತು. ಆಮೇಲೆ ಯಾರೂ ಅಲ್ಲಾಡಲಿಲ್ಲ. ಸಿನಿಮಾ ಮುಗಿದ ಮೇಲೆ ಅವರೇ ಎರಡು ಪಾರ್ಟಿ ಆಗಿ ಜಗಳಕ್ಕೆ ನಿಂತರು: ಹುಡುಗ ನಿಜವಾಗಿ ಕೊಂದಿದ್ದನಾ, ಇಲ್ಲವಾ? ಸಿನಿಮಾ ಅದನ್ನು ಹೇಳುವುದೇ ಇಲ್ಲ. ಗೊತ್ತಾಗದೆ ಶಿಕ್ಷೆ ಕೊಡಬಹುದಾ ಅಂತ ಮಾತ್ರ ಕೇಳುತ್ತದೆ. ಒಂದು ಗಂಟೆ ಮೂವತ್ತಾರು ನಿಮಿಷದ ಸಿನಿಮಾ ಇದು. ನಿಮ್ಮ ಮಗಳಿಗೆ ಖಂಡಿತ ಹಿಡಿಸುತ್ತದೆ. ಮಗನಿಗೆ ಸಬ್‌ಟೈಟಲ್ ಓದುವ ತಾಳ್ಮೆ ಇದ್ದರೆ ಅವನಿಗೂ.

13+, 16+ ನಂಬಬಹುದಾ?

ನಂಬಿ, ಆದರೆ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ತಿಳಿದು ನಂಬಿ. ಥಿಯೇಟರಿಗೆ ಬರುವ ಸಿನಿಮಾಗೆ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಡುತ್ತದೆ. ಮೊದಲು ಸಾಮಾನ್ಯ ಸಿನಿಮಾಗಳಿಗೆ ಯು (ಎಲ್ಲರಿಗೂ), ಯುಎ, ಎ (ದೊಡ್ಡವರಿಗೆ ಮಾತ್ರ) ಅಂತಷ್ಟೇ ಇತ್ತು. ಯುಎ ಅಂದರೆ 12ರ ಒಳಗಿನವರಿಗೆ ತೋರಿಸಬೇಕಾ ಬೇಡವಾ ಅಂತ ಹೆತ್ತವರು ಯೋಚಿಸಿ ಅಂತ. ಈ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬಿದ್ದರು. 2023ರಲ್ಲಿ ಕಾನೂನಿಗೆ ತಿದ್ದುಪಡಿ ಬಂದು, 2024ರ ಹೊಸ ನಿಯಮಗಳ ಪ್ರಕಾರ ಯುಎಯನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಹಳೆಯ ಸಿನಿಮಾಗಳ ಮೇಲೆ ಈಗಲೂ ಬರೀ ಯುಎ ಅಂತಲೇ ಇರುತ್ತದೆ.

ಒಟಿಟಿಯ ಲೆಕ್ಕ ಬೇರೆ. 2021ರ ಐಟಿ ನಿಯಮಗಳಲ್ಲಿ ಅಲ್ಲಿಗೂ ಇದೇ ಥರದ ವಯಸ್ಸಿನ ಗುರುತು ಬಂತು. ಆದರೆ ಅದನ್ನು ಹಾಕುವುದು ಆ ಕಂಪನಿಯವರೇ. 13+ ಮತ್ತು ಅದರ ಮೇಲಿನದಕ್ಕೆ ಪೇರೆಂಟಲ್ ಲಾಕ್ ಕೊಡಬೇಕು, ಯಾಕೆ ಆ ಗುರುತು ಅಂತ ಒಂದು ಸಾಲಿನಲ್ಲಿ ಹೇಳಬೇಕು ಅಂತಲೂ ನಿಯಮ ಇದೆ. ಸಿನಿಮಾ ಶುರುವಾಗುವಾಗ ಮೂಲೆಯಲ್ಲಿ "ಹಿಂಸೆ, ಬೈಗುಳ, ಮಾದಕವಸ್ತು" ಅಂತ ಬಂದು ಹೋಗುತ್ತದಲ್ಲ, ಅದೇ. ನನ್ನ ಕೇಳಿದರೆ ಆ ಸಾಲು ಅಂಕಿಗಿಂತ ಉಪಯೋಗದ್ದು. 16+ ಬರೀ ಬೈಗುಳಕ್ಕೂ ಬರಬಹುದು, ಆತ್ಮಹತ್ಯೆಯ ದೃಶ್ಯಕ್ಕೂ ಬರಬಹುದು. ನಿಮ್ಮ ಮನೆಗೆ ಎರಡೂ ಒಂದೇ ಅಲ್ಲ.

ಆದರೆ ಈ ಗುರುತುಗಳು ಹೇಳುವುದು ಪರದೆಯ ಮೇಲೆ ಏನು ಕಾಣುತ್ತದೆ ಅಂತ. ಕಂಡದ್ದರ ಬಗ್ಗೆ ಸಿನಿಮಾ ಏನನ್ನುತ್ತದೆ ಅಂತ ಹೇಳುವುದಿಲ್ಲ. ಬೇಡ ಬೇಡ ಅಂದರೂ ಹುಡುಗಿಯ ಹಿಂದೆ ಕಾಲೇಜಿನಿಂದ ಬಸ್‌ಸ್ಟ್ಯಾಂಡಿನ ತನಕ ಬೀಳುವ ಹೀರೊ, ಕೊನೆಗೆ ಅವಳೇ ಬಂದು "ನಿನ್ನಂಥವನೇ ಬೇಕು" ಅನ್ನುವ ಹೀರೋಯಿನ್. ಇಂಥ ಕಥೆ ಎಷ್ಟೋ ಯು ಸರ್ಟಿಫಿಕೇಟಿನ ಸಿನಿಮಾದಲ್ಲಿ ಇದೆ. ಅಜ್ಜಿ, ಅಪ್ಪ, ಮಕ್ಕಳು ಎಲ್ಲ ಕೂತು ನಗುತ್ತಾ ನೋಡುತ್ತೇವೆ. 12ರ ಹುಡುಗ, 15ರ ಹುಡುಗಿ ಇಬ್ಬರೂ ಪಕ್ಕದಲ್ಲೇ ಇರುತ್ತಾರೆ. ನನ್ನ ಕೆಲಸದಲ್ಲಿ ನೋಡಿದ ಮಟ್ಟಿಗೆ ಹೇಳುವುದಾದರೆ, ಹದಿಹರೆಯದವರನ್ನು ಗೊಂದಲಕ್ಕೆ ಬೀಳಿಸುವುದು ಇಂಥ ಕಥೆ. ಅರ್ಧ ನಿಮಿಷದ ಮುತ್ತು ಅಲ್ಲ.

ಇನ್ನೊಂದು ತಪ್ಪು ನಂಬಿಕೆ: ಕಾರ್ಟೂನ್ ಅಂದರೆ ಮಕ್ಕಳದ್ದು, ಮಕ್ಕಳಿದ್ದರೆ ಮಕ್ಕಳ ಸಿನಿಮಾ. ಜಪಾನಿನ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' 1988ರ ಆ್ಯನಿಮೇಷನ್. ಎರಡನೇ ಮಹಾಯುದ್ಧದ ಕೊನೆಯಲ್ಲಿ ಕೋಬೆ ಊರಿನ ಮೇಲೆ ಬಾಂಬು ಬಿದ್ದು ತಾಯಿ ಇಲ್ಲದಂತಾದ ಅಣ್ಣ ತಂಗಿಯ ಕಥೆ. ಮೊದಲ ದೃಶ್ಯದಲ್ಲೇ ಆ ಹುಡುಗ ರೈಲ್ವೆ ಸ್ಟೇಷನ್ನಿನಲ್ಲಿ ಹಸಿದು ಸಾಯುತ್ತಾನೆ, ಮುಂದಿನದೆಲ್ಲ ಅಲ್ಲಿಗೆ ಹೇಗೆ ಬಂದ ಅನ್ನುವ ಕಥೆ. ತಮಾಷೆ ಅಂದರೆ, ಜಪಾನಿನಲ್ಲಿ ಅದನ್ನು ಪುಟ್ಟ ಮಕ್ಕಳ ಮುದ್ದಾದ ಸಿನಿಮಾ 'ಮೈ ನೇಬರ್ ಟೊಟೊರೊ' ಜೊತೆ ಸೇರಿಸಿ ಬಿಡುಗಡೆ ಮಾಡಿದ್ದರು. ಅವತ್ತು ಥಿಯೇಟರಿನಿಂದ ಹೊರಬಂದ ಅಪ್ಪ ಅಮ್ಮಂದಿರ ಮುಖ ನೆನೆಸಿಕೊಳ್ಳಿ. ದೊಡ್ಡ ಸಿನಿಮಾ ಅದು, ನಿಮ್ಮ ಮಗಳಿಗೆ ತೋರಿಸಬಹುದು. ಆದರೆ ಮೊದಲೇ ಹೇಳಿ ತೋರಿಸಿ.

ಹಾಗೇ ನಾವೆಲ್ಲ ನಕ್ಕು ನಕ್ಕು ನೋಡಿದ '3 ಈಡಿಯಟ್ಸ್' (2009). ಫ್ಯಾಮಿಲಿ ಕಾಮಿಡಿ ಅಂತಲೇ ತಲೆಯಲ್ಲಿ ಕೂತಿದೆ. ಅದರಲ್ಲಿ ಒಬ್ಬ ವಿದ್ಯಾರ್ಥಿ ಪ್ರಾಜೆಕ್ಟ್ ಮುಗಿಸಲಾಗದೆ ನೇಣು ಹಾಕಿಕೊಳ್ಳುತ್ತಾನೆ, ಇನ್ನೊಬ್ಬ ಕಿಟಕಿಯಿಂದ ಹಾರುತ್ತಾನೆ. ಸಿನಿಮಾ ಬೇಡ ಅಂತ ಹೇಳುತ್ತಿಲ್ಲ. ಪರೀಕ್ಷೆಯ ಒತ್ತಡದಲ್ಲಿರುವ, ಬಾಗಿಲು ಹಾಕಿಕೊಳ್ಳುತ್ತಿರುವ ಮಗು ಮನೆಯಲ್ಲಿ ಇದ್ದಾಗ ಈ ದೃಶ್ಯಗಳು ನಿಮಗೆ ನೆನಪಿರಬೇಕು. ಮಗಳು ಮೌನವಾಗಿರುವುದು ವಾರಗಟ್ಟಲೆ ಮುಂದುವರಿದರೆ, ಊಟ ನಿದ್ದೆ ಕೆಟ್ಟರೆ, ಅದು ಸಿನಿಮಾದ ಪ್ರಶ್ನೆ ಅಲ್ಲ. ಆಪ್ತಸಮಾಲೋಚಕರನ್ನು ನೋಡಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೆಜಿಎಫ್ ಮತ್ತು ಪ್ಯಾರಸೈಟ್

ಹೊಡೆದಾಟದ ಸಿನಿಮಾ ನೋಡಿದರೆ ಹುಡುಗ ಹೊಡೆದಾಟಕ್ಕೆ ಇಳಿಯುತ್ತಾನಾ? ಅಷ್ಟು ನೇರವಾಗಿ ಇಲ್ಲ. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಪುಟ್ಟ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳು ಪ್ರಸಿದ್ಧ. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಬಡಿಯುವುದನ್ನು ಮಕ್ಕಳಿಗೆ ಫಿಲ್ಮಿನಲ್ಲಿ ತೋರಿಸಿದರು. ಬಡಿದವರಿಗೆ ಶಿಕ್ಷೆ ಆಗುವುದನ್ನು ಕಂಡ ಮಕ್ಕಳು ಕಡಿಮೆ ಅನುಕರಿಸಿದರು. ಆಮೇಲೆ "ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ" ಅಂದಾಗ ಎಲ್ಲ ಮಕ್ಕಳೂ ಹೆಚ್ಚು ಕಡಿಮೆ ಒಂದೇ ಥರ ಮಾಡಿ ತೋರಿಸಿದರು. ಅಂದರೆ ಕಲಿತದ್ದು ಎಲ್ಲರೂ. ಮಾಡಬೇಕಾ ಬೇಡವಾ ಅಂತ ತೀರ್ಮಾನಿಸಿದ್ದು, ಹೊಡೆದವನಿಗೆ ಕೊನೆಗೆ ಏನು ಸಿಕ್ಕಿತು ಅನ್ನುವುದನ್ನು ನೋಡಿ. ಪ್ರಯೋಗಶಾಲೆ ಬೇರೆ, ಮನೆ ಬೇರೆ, ನಿಜ. ಆದರೂ ಸಿನಿಮಾ ಆರಿಸುವಾಗ "ರಕ್ತ ಎಷ್ಟಿದೆ" ಅನ್ನುವುದಕ್ಕಿಂತ "ರಕ್ತ ಹರಿಸಿದವನಿಗೆ ಏನು ಸಿಗುತ್ತದೆ, ಸತ್ತವನ ಮನೆಯವರು ಕಾಣುತ್ತಾರಾ" ಅಂತ ನೋಡುವುದು ಹೆಚ್ಚು ಉಪಯೋಗ.

ಮಗನ ಕೆಜಿಎಫ್ ಕಿತ್ತುಕೊಳ್ಳಬೇಡಿ. ಡೈಲಾಗು ಬಾಯಿಪಾಠ ಆಗಿರುವುದನ್ನು ಈಗ ಬೇಡ ಅಂದು ಪ್ರಯೋಜನ ಇಲ್ಲ. ಅವನ ಸರದಿ ಬಂದಾಗ ನೀವೂ ಕೂತು ನೋಡಿ, ಕೆಣಕುವ ದನಿ ಇಲ್ಲದೆ ಒಂದೇ ಒಂದು ಪ್ರಶ್ನೆ ಹಾಕಿ: "ಬಡವನಾಗಿ ಸಾಯಬಾರದು ಅಂತ ತಾಯಿ ಮಾತು ತೆಗೆದುಕೊಂಡಳಲ್ಲ, ಅವಳು ಕೇಳಿದ್ದು ಇದನ್ನೇನಾ?" ಈ ಪ್ರಶ್ನೆಗೆ ಹುಡುಗರು ಕೊಡುವ ಉತ್ತರಗಳು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿರುತ್ತವೆ.

ಪ್ಯಾರಸೈಟ್ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. 2019ರ ಆ ಸಿನಿಮಾ ನಿಜಕ್ಕೂ ಅದ್ಭುತ, ಕೊರಿಯನ್ ಭಾಷೆಯದಾಗಿ ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರ ಅಂತ ಗೆದ್ದದ್ದು ಸುಮ್ಮನೆ ಅಲ್ಲ. ಆದರೆ ಅದರಲ್ಲಿ ಒಂದು ಲೈಂಗಿಕ ದೃಶ್ಯ ಇದೆ, ಕೊನೆಯಲ್ಲಿ ಚಾಕು, ರಕ್ತ ಎಲ್ಲ ಇದೆ. 12ರ ಹುಡುಗ, ಅಜ್ಜಿ ಕೂತಿರುವ ಶನಿವಾರಕ್ಕೆ ಅದು ಬೇಡ. ಮಗಳಿಗೆ ಹಾಗೇ ಹೇಳಿ. "ಕೆಟ್ಟ ಸಿನಿಮಾ" ಅನ್ನಬೇಡಿ, ಅವಳಿಗೆ ಅದು ಒಳ್ಳೆಯದು ಅಂತ ಗೊತ್ತಿದೆ, ನಿಮ್ಮ ಮಾತಿನ ಬೆಲೆ ಹೋಗುತ್ತದೆ. "ಇನ್ನೆರಡು ವರ್ಷ ಹೋಗಲಿ, ನಾವಿಬ್ಬರೇ ನೋಡೋಣ" ಅನ್ನಿ.

ಆರಿಸುವುದು ಯಾರು?

ಇದಕ್ಕೆ ಮೂರು ದಾರಿ ನೋಡಿದ್ದೇನೆ. ನೀವೇ ಆರಿಸುವುದು ಒಂದು. ಗುಣಮಟ್ಟ ನಿಮ್ಮ ಕೈಯಲ್ಲಿರುತ್ತದೆ, ಪ್ರೇಕ್ಷಕರು ಇರುವುದಿಲ್ಲ. ಸರದಿ ಪ್ರಕಾರ ಒಬ್ಬೊಬ್ಬರು ಆರಿಸುವುದು ಇನ್ನೊಂದು. ಜಗಳ ಕಡಿಮೆಯಾಗುತ್ತದೆ, ಆದರೆ ತನ್ನ ಸರದಿ ಅಲ್ಲದ ವಾರ ಎಲ್ಲರೂ ಮೊಬೈಲ್ ಒತ್ತುತ್ತಾ ಕೂರುವ ಅಪಾಯ ಇದೆ. ನನಗೆ ಹಿಡಿಸಿದ್ದು ಮೂರನೆಯದು: ಸರದಿ ಯಾರದ್ದೋ ಅವರು ಮೂರು ಹೆಸರು ಕೊಡಬೇಕು, ಉಳಿದವರು ಅದರಲ್ಲಿ ಒಂದನ್ನು ಆರಿಸಬೇಕು. ಮನೆಯಲ್ಲಿ ಎಲ್ಲರಿಗೂ ತಿಂಗಳಿಗೆ ಒಂದು ಸಲ, ಕಾರಣ ಹೇಳದೆ "ಇದು ಬೇಡ" ಅನ್ನುವ ಹಕ್ಕು. ಅಜ್ಜಿಗೂ ಸರದಿ ಕೊಡಿ. ಯಜಮಾನರ ಮೊಬೈಲೂ ಪಕ್ಕದ ಕೋಣೆಗೆ ಹೋಗಬೇಕು. ಮಕ್ಕಳದ್ದು ಮಾತ್ರ ತೆಗೆದಿಟ್ಟರೆ ಒಂದೇ ವಾರದಲ್ಲಿ ಕಾನೂನು ಬಿದ್ದು ಹೋಗುತ್ತದೆ.

ಹೊಸ ಸಿನಿಮಾ ಆದರೆ ಹಿಂದಿನ ದಿನ ನೀವೊಬ್ಬರು ಮೊದಲ ಇಪ್ಪತ್ತು ನಿಮಿಷ ನೋಡಿ, ಆಮೇಲೆ ಅಲ್ಲಲ್ಲಿ ಹಾರಿಸಿ ನೋಡಿ. ಪೂರ್ತಿ ನೋಡಿದರೆ ಮಕ್ಕಳ ಜೊತೆ ಕೂತಾಗ ನಿಮಗೇ ಕುತೂಹಲ ಇರುವುದಿಲ್ಲ, ಅದು ಅವರಿಗೂ ಗೊತ್ತಾಗುತ್ತದೆ.

ನಮ್ಮ ಕನ್ನಡದ್ದೇ ಕೆಲವು ಹೆಸರು ಹೇಳುತ್ತೇನೆ. ಒಟಿಟಿಯಲ್ಲಿ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ, ಎಲ್ಲಿ ಸಿಗುತ್ತದೆ ಅಂತ ನೀವೇ ಹುಡುಕಿಕೊಳ್ಳಬೇಕು. ಆ ಕೆಲಸ ಮಗಳಿಗೆ ಕೊಡಿ, ಹತ್ತು ನಿಮಿಷದಲ್ಲಿ ಹುಡುಕುತ್ತಾಳೆ.

ಇಬ್ಬರಿಗೂ ಸೇರಿ 'ಡೇರ್‌ಡೆವಿಲ್ ಮುಸ್ತಾಫಾ' (2023) ಒಳ್ಳೆಯ ಶುರು. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಅಬಚೂರಿನ ಕಾಲೇಜು, ಅಲ್ಲಿಗೆ ಬರುವ ಮುಸ್ಲಿಂ ಹುಡುಗ, ಕ್ರಿಕೆಟ್ ಮ್ಯಾಚು. ನಗು ಜಾಸ್ತಿ, ಉಪದೇಶ ಕಡಿಮೆ, ಆದರೆ ಗುಂಪು ಕಟ್ಟಿಕೊಂಡು ಒಬ್ಬನನ್ನು ಹೊರಗಿಡುವುದು ಹೇಗೆ ಶುರುವಾಗುತ್ತದೆ ಅಂತ ಮಕ್ಕಳು ತಮ್ಮ ಕ್ಲಾಸಿನಲ್ಲೇ ಕಂಡಿರುತ್ತಾರೆ. ಅದು ಹಿಡಿಸಿದರೆ ಮುಂದಿನ ತಿಂಗಳು 'ತಬರನ ಕಥೆ'. ಅದೂ ತೇಜಸ್ವಿಯವರದೇ, ಎರಡೂ ಕಥೆ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲೇ ಇವೆ. ಗಿರೀಶ್ ಕಾಸರವಳ್ಳಿಯವರ ನಿರ್ದೇಶನ, ರಾಷ್ಟ್ರಪ್ರಶಸ್ತಿ ಬಂದ ಚಿತ್ರ. ನಿವೃತ್ತನಾದ ತಬರ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಅತ್ತ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಿರುತ್ತದೆ. ನಿಧಾನದ ಸಿನಿಮಾ, ಮಗ ನಿದ್ದೆ ಹೋಗಬಹುದು, ಹೋಗಲಿ. ಮಗಳನ್ನು ಕೇಳಿ, ಇದರಲ್ಲಿ ವಿಲನ್ ಯಾರು ಅಂತ. ಯಾವ ಗುಮಾಸ್ತನೂ ಕೆಟ್ಟವನಲ್ಲ, ಎಲ್ಲರೂ ನಿಯಮದ ಪ್ರಕಾರವೇ ಮಾತಾಡುತ್ತಾರೆ, ಆದರೂ ಒಂದು ಮನೆ ಮುಳುಗುತ್ತದೆ. ಒಬ್ಬ ಖಳನಾಯಕ, ಒಂದು ಫೈಟು ಅಂತ ರೂಢಿಯಾದ ತಲೆಗೆ ಇದು ಹೊಸದು. ಅಜ್ಜಿ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಕಚೇರಿ ಅಲೆದ ಅನುಭವ ಇಲ್ಲದ ಅಜ್ಜಿ ನಮ್ಮ ರಾಜ್ಯದಲ್ಲಿ ಸಿಗಲಿಕ್ಕಿಲ್ಲ.

'ಶಿವಮ್ಮ' ನೋಡಿದ್ದೀರಾ? ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಮಧ್ಯವಯಸ್ಸಿನ ಹೆಂಗಸು, ನೆಟ್‌ವರ್ಕ್ ಮಾರ್ಕೆಟಿಂಗಿನ ಪುಡಿಯ ಡಬ್ಬ ಮಾರಿ ಮನೆ ಉದ್ಧಾರ ಮಾಡುತ್ತೇನೆ ಅಂತ ಹೊರಡುತ್ತಾಳೆ. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದದ್ದು. ಬೂಸಾನ್ ಇರುವುದು ಕೊರಿಯಾದಲ್ಲಿ ಅಂತ ಮಗಳಿಗೆ ಹೇಳಿ, ಕೆಲಸಕ್ಕೆ ಬರುತ್ತದೆ. ನಮ್ಮ ಎಲ್ಲರ ನೆಂಟರಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಶಿವಮ್ಮನ ಮೇಲೆ ಸಿಟ್ಟೂ ಬರುತ್ತದೆ, ಮರುಕವೂ ಹುಟ್ಟುತ್ತದೆ. ಸರಿ ತಪ್ಪು ಅಂತ ಗೆರೆ ಎಳೆಯಲಾಗುವುದಿಲ್ಲ.

ಮಗನ ಕಡೆಯಿಂದ ನೋಡಿದರೆ 'ಬೆಟ್ಟದ ಹೂವು' (1985). ಬಾಲಕ ಪುನೀತ್ ರಾಷ್ಟ್ರಪ್ರಶಸ್ತಿ ಪಡೆದ ಸಿನಿಮಾ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ ಬಡ ಹುಡುಗ ರಾಮು ಕಾಡಿನಿಂದ ಹೂವು ತಂದು ಮಾರಿ ಕಾಸು ಕೂಡಿಡುತ್ತಾನೆ. ಕೊನೆಗೆ ಆ ದುಡ್ಡನ್ನು ಏನು ಮಾಡುತ್ತಾನೆ ಅಂತ ಹೇಳುವುದಿಲ್ಲ. ಇಂಟರ್‌ವಲ್‌ನಲ್ಲಿ ನಿಲ್ಲಿಸಿ ಮಗನನ್ನು ಕೇಳಿ, "ನೀನಾಗಿದ್ದರೆ?" ಇರಾನಿನ 'ಚಿಲ್ಡ್ರನ್ ಆಫ್ ಹೆವನ್' (1997) ಕೂಡ ಇದರ ಜೊತೆಗೆ ಇಡಬಹುದಾದದ್ದು. ತಂಗಿಯ ಶೂ ಕಳೆದುಹಾಕಿದ ಅಣ್ಣ, ಇಬ್ಬರಿಗೂ ಒಂದೇ ಜೊತೆ ಶೂ. ತಂಗಿ ಬೆಳಿಗ್ಗೆ ಶಾಲೆ ಮುಗಿಸಿ ಓಡಿ ಬಂದು ಗಲ್ಲಿಯಲ್ಲಿ ಶೂ ಕಳಚಿ ಕೊಡುತ್ತಾಳೆ, ಅವನು ಹಾಕಿಕೊಂಡು ಮಧ್ಯಾಹ್ನದ ಶಾಲೆಗೆ ಓಡುತ್ತಾನೆ. ಕೊನೆಯ ಓಟದ ಪಂದ್ಯದಲ್ಲಿ ಅವನಿಗೆ ಬೇಕಾದದ್ದು ಮೂರನೇ ಬಹುಮಾನ, ಮೊದಲನೆಯದಲ್ಲ. ಯಾವಾಗಲೂ ಫಸ್ಟ್ ಬಾ ಅನ್ನಿಸಿಕೊಳ್ಳುವ ನಮ್ಮ ಮಕ್ಕಳು ಇದನ್ನು ಕಣ್ಣು ಬಿಟ್ಟು ನೋಡುತ್ತಾರೆ.

ಮಗಳು ಮತ್ತು ನೀವು, ಸಾಧ್ಯವಾದರೆ ಅಜ್ಜಿಯೂ, ಯಾವಾಗಲಾದರೂ 'ಘಟಶ್ರಾದ್ಧ' (1977) ನೋಡಿ. ಗರ್ಭಿಣಿಯಾದ ಬಾಲವಿಧವೆಯ ಕಥೆ, ಗರ್ಭಪಾತ ಇದೆ, ಬಹಿಷ್ಕಾರ ಇದೆ. ಮಗನಿಗೆ ಈಗಲೇ ಬೇಡ. ಅವನನ್ನು ಬಿಟ್ಟು ನೋಡಿದಿರಿ ಅಂತ ಅವನಿಗೆ ಬೇಸರ ಆಗುತ್ತದೆ, ಅವನಿಗೂ ಅಪ್ಪನ ಜೊತೆ ಬೇರೆ ಏನಾದರೂ ಇಡಿ. 'ತಿಥಿ' ಅಜ್ಜಿ ಇಲ್ಲದ ದಿನಕ್ಕೆ, ಮಗಳು ಇನ್ನೂ ದೊಡ್ಡವಳಾದ ಮೇಲೆ. ಬೈಗುಳ ಧಾರಾಳ. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ 'ಮಿಥ್ಯ' ಮುಂದಕ್ಕೆ ಹಾಕಿ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗನ ಕಥೆ ಅದು. ಬಹಳ ಚೆನ್ನಾಗಿದೆ, ಆದರೆ ಗಾಯ ಹಸಿಯಾಗಿದ್ದಾಗ ಬೇಡ.

ಮುತ್ತು ಬಂದಾಗ

ಇದಕ್ಕೆ ಪತ್ರಗಳು ಬಹಳ ಬರುತ್ತವೆ. ನಮ್ಮ ಮನೆಗಳಲ್ಲಿ ಮುತ್ತು ಬಂದರೆ ರಿಮೋಟಿಗೆ ಕೈ, ಕೊಲೆ ಬಂದರೆ ಪುರಿ ತಟ್ಟೆಗೆ ಕೈ. ಮಕ್ಕಳು ಇದನ್ನು ಗಮನಿಸಿಯೇ ಇರುತ್ತಾರೆ. ಗಾಬರಿಯಿಂದ ಓಡಿಸಿದರೆ ಆ ಅರ್ಧ ನಿಮಿಷವೇ ಇಡೀ ಸಿನಿಮಾದಲ್ಲಿ ಅವರಿಗೆ ನೆನಪಿರುವುದು. ಚಿಕ್ಕ ದೃಶ್ಯ ಆದರೆ ಹಾಗೇ ಬಿಡಿ, ನೀರು ಕುಡಿಯಿರಿ, ಮುಂದೆ ಹೋಗುತ್ತದೆ. ಉದ್ದ ಇದ್ದು ನಿಮಗೆ ಕಸಿವಿಸಿ ಆದರೆ "ನನಗೆ ಮುಜುಗರ ಆಗ್ತಿದೆ, ಮುಂದಕ್ಕೆ ಹಾಕ್ತೀನಿ" ಅಂತ ನೇರ ಹೇಳಿ ಹಾಕಿ. ಮುಜುಗರ ನಿಮ್ಮದು ಅಂತ ಒಪ್ಪಿಕೊಂಡರೆ ಮಕ್ಕಳು ತಾವೇನೋ ತಪ್ಪು ಮಾಡಿದ ಹಾಗೆ ಕೂರುವುದಿಲ್ಲ. ಅತ್ತೆಯವರ ವಿಷಯ ಬೇರೆ. ಅವರಿಗೆ ಮೊದಲೇ "ಅತ್ತೆ, ಇದರಲ್ಲಿ ಅಂಥದ್ದೊಂದು ಇದೆಯಂತೆ, ನೋಡ್ತೀರಾ?" ಅಂತ ಕೇಳಿಬಿಡಿ. ಅವರು ಬೇಡ ಅಂದರೂ ಸರಿ, ನೋಡುತ್ತೇನೆ ಅಂದು ನಿಮ್ಮನ್ನು ಆಶ್ಚರ್ಯಪಡಿಸಿದರೂ ಸರಿ.

ಮಾತಾಡಿಸಬೇಕಾ ಅಂತ ಕೇಳಿದ್ದೀರಿ. ಸಿನಿಮಾ ಮುಗಿದ ತಕ್ಷಣ ಲೈಟ್ ಹಾಕಿ "ಏನು ಕಲಿತಿರಿ?" ಅಂತ ಕೇಳಬೇಡಿ. ಅದಕ್ಕಿಂತ ಪರೀಕ್ಷೆ ವಾಸಿ. ನಮ್ಮ ಸಿನಿಮಾಗಳಲ್ಲಿ ಇಂಟರ್‌ವಲ್ ಅಂತ ಒಂದು ಒಳ್ಳೆಯ ಪದ್ಧತಿ ಇದೆ, ಮನೆಯಲ್ಲೂ ಇಟ್ಟುಕೊಳ್ಳಿ. ಅಡುಗೆಮನೆಗೆ ಹೋಗಿ ಬರುವ ಆ ಐದು ನಿಮಿಷದಲ್ಲಿ ಮುಂದೆ ಏನಾಗಬಹುದು ಅಂತ ಎಲ್ಲರೂ ಊಹೆ ಹೇಳಲಿ, ನೀವೂ ಹೇಳಿ, ತಪ್ಪಾಗಲಿ. ಉಳಿದ ಮಾತು ಮರುದಿನ ದೋಸೆ ಹುಯ್ಯುವಾಗಲೋ ಸ್ಕೂಟರಿನಲ್ಲಿ ಟ್ಯೂಷನ್ನಿಗೆ ಬಿಡುವಾಗಲೋ ತಾನಾಗಿ ಬರುತ್ತದೆ. ಈ ವಯಸ್ಸಿನವರಿಗೆ ಎದುರು ಬದುರು ಕೂತು ಮಾತಾಡುವುದು ಕಷ್ಟ. ಬರದಿದ್ದರೆ ನೀವೇ "ನನಗೆ ತಬರನ ಹೆಂಡತಿಯದೇ ಯೋಚನೆ ಕಣೇ" ಅಂತ ನಿಮ್ಮದನ್ನು ಹೇಳಿ ಸುಮ್ಮನಾಗಿ.

ಇನ್ನು ಎಸ್ಸೆಸ್ಸೆಲ್ಸಿ. ಸಮಸ್ಯೆ ಸಿನಿಮಾದ ಎರಡು ಗಂಟೆಯಲ್ಲಿ ಇಲ್ಲ, ಶುರು ಮಾಡುವ ಹೊತ್ತಿನಲ್ಲಿ ಇದೆ. 13ರಿಂದ 18ರವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ನಿಮ್ಮ ಮಗನ ವಯಸ್ಸಿಗೆ ಕನಿಷ್ಠ 9 ಗಂಟೆ. ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಎರಡೂ ಮುಕ್ಕಾಲು ಗಂಟೆಯ ಸಿನಿಮಾ ಹಾಕಿದರೆ ಭಾನುವಾರ ಬೆಳಿಗ್ಗೆ ಓದು ಕೆಡುತ್ತದೆ, ಬೈಗುಳ ಸಿನಿಮಾಗೆ ಬೀಳುತ್ತದೆ. ಸಂಜೆ ಆರಕ್ಕೇ ಹಾಕಿ, ಇಂಟರ್‌ವಲ್‌ನಲ್ಲಿ ಊಟ ಮಾಡಿ. ಹತ್ತನೇ ಕ್ಲಾಸು ಶುರುವಾದ ಮೇಲೆ ಹದಿನೈದು ದಿನಕ್ಕೊಮ್ಮೆ ಸಾಕು. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಾಗ ಸಿನಿಮಾದ ಬದಲು ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್'ನ ಒಂದು ಕಂತು ಹಾಕಿ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅದನ್ನೂ ಆರಿಸುವುದು ಅವಳೇ ಆಗಲಿ, ಆ ಎರಡು ತಿಂಗಳು ಸರದಿ ಪೂರ್ತಿ ಅವಳಿಗೇ ಬಿಟ್ಟುಕೊಡಲು ತಮ್ಮನನ್ನು ಈಗಿನಿಂದಲೇ ಒಪ್ಪಿಸಿಡಿ. ಅವನು ಬದಲಿಗೆ ಏನು ಕೇಳುತ್ತಾನೆ ಅಂತ ನಾನು ಊಹಿಸಬಲ್ಲೆ, ಕೆಜಿಎಫ್ ಎರಡೂ ಭಾಗ ಒಂದೇ ದಿನ. ಕೊಟ್ಟುಬಿಡಿ, ಆದರೆ ಪರೀಕ್ಷೆ ಮುಗಿದ ಮೇಲೆ.